ಬಲಗಡೆಯ ಆಕ್ಸಲ್

ಆ ಮನೆಯ ಯಜಮಾನರಿಗೆ ಕಿವಿ ಕೇಳುವುದಿಲ್ಲ ಎಂಬುದು ಊಟದ ಮನೆಯಲ್ಲಿ ಮಾತ್ರ ನಿಜವಾಗಿತ್ತು. ಹೊಸಿಲು ದಾಟಿ ಮುಂದಿನ ಶೆಡ್ಡಿಗೆ ಕಾಲಿಟ್ಟರೆ ಅದು ಸುಳ್ಳಾಗಿಬಿಡುತ್ತಿತ್ತು.

ಊಟಕ್ಕೆ ಕರೆಯಬೇಕಾದರೆ ಸೊಸೆ ಸೌಟಿನಿಂದ ತಟ್ಟೆಯ ಅಂಚಿಗೆ ಬಡಿಯಬೇಕು. ಮಗ ಒಂದು ಮಾತನ್ನು ಮೂರು ಸಲ ಕೂಗಬೇಕು. ಹನ್ನೊಂದು ವರ್ಷದ ಮೊಮ್ಮಗಳಂತೂ ತಾತನ ಹೆಗಲು ಹಿಡಿದು ಅಲುಗಾಡಿಸಿಯೇ ಮಾತು ಶುರುಮಾಡುತ್ತಿದ್ದಳು. ಆದರೆ ಶೆಡ್ಡಿನಲ್ಲಿ ಅವರು ಕಿವಿ ಮೇಸ್ತ್ರಿ. ನಲವತ್ತು ವರ್ಷದಿಂದ ಅದೇ ಹೆಸರು. ಹಳೆಯ ಸುತ್ತಿಗೆಯ ಹಿಡಿಯನ್ನು ಕೆತ್ತಿ ಮಾಡಿಕೊಂಡ ಮೊಳದುದ್ದದ ಕೋಲೊಂದು ಅವರ ಬಳಿ ಇತ್ತು. ಒಂದು ತುದಿಯನ್ನು ಗಾಡಿಯ ಹೊಟ್ಟೆಗೆ ಒತ್ತಿ, ಇನ್ನೊಂದನ್ನು ಕಿವಿಗಿಟ್ಟು ಕಣ್ಣು ಮುಚ್ಚಿದರೆಂದರೆ ಗಾಡಿಯ ಮಾಲೀಕ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. "ಮೂರನೇ ವಾಲ್ವು," ಎನ್ನುತ್ತಿದ್ದರು. ಬಿಚ್ಚಿದರೆ ಮೂರನೇ ವಾಲ್ವೇ ಕೆಟ್ಟಿರುತ್ತಿತ್ತು.

ಆ ಕಿವಿ ಹೋಗಿ ಆರು ವರ್ಷವಾಗಿತ್ತು. ಈಗ ಅವರು ಬೆರಳಿನ ನಡುಕದಿಂದ, ಅನುಭವದಿಂದ, ಮಗ ಮುಖದ ಮುಂದೆ ನಿಂತು ಒಪ್ಪಿಸುವ ಗಿರಾಕಿಗಳ ದೂರಿನಿಂದ ಹೇಗೋ ದಾರಿ ಕಂಡುಕೊಳ್ಳುತ್ತಿದ್ದರು. ಕೋಲು ಮಾತ್ರ ಮೊದಲಿನ ಹಾಗೇ ಕಿವಿಗೇರುತ್ತಿತ್ತು.

ಮನೆಗೆ ಒಂದು ಕಟ್ಟುಪಾಡು ಹಾಕಿದ್ದವರು ಮೇಸ್ತ್ರಿಯ ಹೆಂಡತಿ, ಸೊಸೆಯ ಅತ್ತೆ.

"ಅವರಿಗೆ ಕೇಳಲ್ಲ ಅನ್ನೋ ಮಾತು ಈ ಮನೆಯವರ ಬಾಯಿಂದ ಹೊರಗೆ ಬಿದ್ರೆ ನಾಳೆಯಿಂದ ಶೆಡ್ಡಿಗೆ ಒಂದು ಸೈಕಲ್ಲೂ ಬರಲ್ಲ. ಶೆಡ್ಡು ಮುಚ್ಚಿದ್ರೆ ಅವರು ವರ್ಷ ದಾಟಲ್ಲ. ತಿಳೀತಾ?"

ಸೊಸೆಗೆ ತಿಳಿದಿತ್ತು. ಅವಳ ಹೊಲಿಗೆ ಯಂತ್ರವೂ ಆ ಶೆಡ್ಡಿನ ಮೂಲೆಯಲ್ಲೇ ಇತ್ತು. ಕಾರಿನ ಸೀಟಿಗೆ ರೆಕ್ಸಿನ್ ಕವರು ಹೊಲಿಯುವುದು ಅವಳ ಕೆಲಸ. ಹದಿಮೂರು ವರ್ಷ ಮಾವನ ಸುತ್ತಿಗೆಯ ಸದ್ದಿನ ಪಕ್ಕದಲ್ಲೇ ಪೆಡಲು ತುಳಿದವಳಿಗೆ, ತಲೆ ಎತ್ತದೆ ಯಾವ ಕೆಲಸ ನಡೆಯುತ್ತಿದೆಯೆಂದು ಹೇಳುವಷ್ಟು ಶಬ್ದಗಳ ಪರಿಚಯವಾಗಿತ್ತು.

ಸದ್ದು ಶುರುವಾದದ್ದು ಅವರದೇ ಕಾರಿನಲ್ಲಿ. ಅವಳ ಗಂಡ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯ ಲಾಂಡ್ರಿಯ ನಾಲ್ವರು ಹೆಂಗಸರನ್ನು ಕೆಲಸಕ್ಕೆ ಬಿಟ್ಟು, ಮನೆಗೆ ಬಂದು ಮಗಳನ್ನು ಶಾಲೆಗೆ ಬಿಟ್ಟು, ಮಧ್ಯಾಹ್ನ ಮತ್ತೆ ಅವರನ್ನೆಲ್ಲ ಕರೆತರುತ್ತಿದ್ದ. ಹಳೆಯ ಕಾಲದ ಗಾಡಿ. ಎಂಜಿನ್ನು ಮುಂದೆ, ಓಟದ ಬಲವೆಲ್ಲ ಹಿಂದಿನ ಚಕ್ರಗಳಿಗೆ.

"ಹಿಂದುಗಡೆ ಏನೋ ಅಳ್ತಾ ಇದೆ ಅಪ್ಪಾ," ಎಂದ ಗಂಡ, ಒಂದು ಸಂಜೆ ರೊಟ್ಟಿ ಮುರಿಯುತ್ತ.

"ಏನು?"

"ಹಿಂದೆ! ಸದ್ದು! ಊಂ ಅಂತ!"

ಮೇಸ್ತ್ರಿ ತಟ್ಟೆ ಪಕ್ಕಕ್ಕಿಟ್ಟು ಎದ್ದೇಬಿಟ್ಟರು. ಅತ್ತೆ "ಊಟ ಆರತ್ತೆ ಕಣ್ರೀ" ಎಂದದ್ದು ಅವರಿಗೆ ಕೇಳಿಸಿರಲಾರದು. ಹಿಂಭಾಗವನ್ನು ಜ್ಯಾಕಿಗೆ ಏರಿಸಿ, ಗೇರು ಹಾಕಿಸಿ, ಚಕ್ರ ತಿರುಗುತ್ತಿರುವಾಗ ಕೋಲು ಹಿಡಿದು ಮೊದಲು ಎಡಕ್ಕೆ, ಆಮೇಲೆ ನಡುವಿಗೆ, ಆಮೇಲೆ ಬಲಕ್ಕೆ ಕಿವಿಗೊಟ್ಟರು. ಕಣ್ಣು ಮುಚ್ಚಿದರು.

"ಬಲಗಡೆ ಚಕ್ರದ ಬೇರಿಂಗು," ಎಂದರು.

ಭಾನುವಾರ ಕೆಲಸಕ್ಕೆ ಕುಳಿತರು. ಗಂಡ ಚಕ್ರ ಬಿಚ್ಚಿಕೊಟ್ಟು, ಡ್ರಮ್ಮು ತೆಗೆದು, ಚಕ್ರವನ್ನು ತಿರುಗಿಸುವ ಕಬ್ಬಿಣದ ದಂಡವಾದ ಆಕ್ಸಲನ್ನು ಹೊರಗೆಳೆದುಕೊಟ್ಟು ಹೊಸ ಬೇರಿಂಗು ತರಲು ಅಂಗಡಿಗೆ ಹೋದ. ಬೇರಿಂಗು ಜಾರದಂತೆ ಅದರ ಒತ್ತಿಗೆ ಆಕ್ಸಲಿನ ಮೇಲೆ ಒಂದು ಕಬ್ಬಿಣದ ಬಳೆ ಬಿಗಿಯಾಗಿ ಕೂತಿರುತ್ತದೆ. ಕಾಲರ್ ಎನ್ನುತ್ತಾರೆ ಅದಕ್ಕೆ. ಅದನ್ನು ಚಾಣ ಇಟ್ಟು ಒಡೆಯದೆ ಬೇರಿಂಗು ಹೊರಬರುವುದಿಲ್ಲ.

ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ, ಮಾವ ಇದೇ ಕೆಲಸ ಮಾಡುತ್ತ ಅವಳಿಗೆ ಕಲಿಸಿದ್ದರು. "ಕೇಳಮ್ಮಾ ಇಲ್ಲಿ. ಕಾಲರ್ ಮೇಲೆ ಏಟು ಬಿದ್ದಷ್ಟು ಹೊತ್ತು ಡಬ್ ಡಬ್ ಅಂತದೆ. ಒಡೆದು ಬಾಯಿ ಬಿಟ್ಟ ತಕ್ಷಣ ಕೈ ನಿಲ್ಲಿಸ್ಬೇಕು. ಠಣ್ ಅಂದ್ರೆ ಚಾಣ ಒಳಗಿನ ಆಕ್ಸಲಿಗೆ ತಾಗಿತು ಅಂತ. ಕೂದಲಷ್ಟು ಗಾಯ ಆದ್ರೂ ಸಾಕು, ಆ ಆಕ್ಸಲನ್ನ ಗುಜರಿಗೆ ಹಾಕ್ತೀನಿ. ಗಾಡಿಗೆ ಹಾಕಲ್ಲ. ಅಲ್ಲಿಂದಲೇ ಬಿರುಕು ಬಿಡೋದು." ಹೊಸ ಸೊಸೆಗೆ ಮಾವ ಇಷ್ಟು ಮಾತಾಡಿದ್ದೇ ದೊಡ್ಡದೆನಿಸಿ, ಅವಳು ಅದನ್ನು ಮರೆತಿರಲಿಲ್ಲ.

ಆ ಭಾನುವಾರ ಅವಳು ಹಿಂಬದಿ ಸೀಟಿನ ಕವರಿಗೆ ಅಂಚು ಹೊಲಿಯುತ್ತಿದ್ದಳು. ಡಬ್. ಡಬ್. ಡಬ್. ಆಮೇಲೆ ಠಣ್.

ಅವಳ ಕಾಲು ಪೆಡಲಿನ ಮೇಲೆ ನಿಂತಿತು. ಮೇಸ್ತ್ರಿಯ ಕೈ ನಿಲ್ಲಲಿಲ್ಲ. ಇನ್ನೊಂದು ಸಲ, ಠಣ್. ಆಗ ಅವರು ಒಡೆದ ಕಾಲರನ್ನು ಕಿತ್ತೆಸೆದು, ಕನ್ನಡಕವಿಲ್ಲದ ಕಣ್ಣಿನಲ್ಲೇ ಆಕ್ಸಲನ್ನು ಗ್ರೀಸಿನ ಬಟ್ಟೆಯಿಂದ ಒರೆಸಿ ಪಕ್ಕಕ್ಕಿಟ್ಟರು.

ಅವಳು ಅರ್ಧ ಎದ್ದಳು. "ಮಾವಾ," ಎಂದಳು. ಬೇಕೆಂದೇ ಅಲ್ಲ, ಬಾಯಿಗೆ ಅಷ್ಟೇ ದನಿ ಬಂತು. ಅಡುಗೆಮನೆಯ ಕಿಟಕಿಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅತ್ತೆಯ ಮುಖ ಕಂಡಿತು. ಅತ್ತೆಗೆ ಆಕ್ಸಲಿನ ಗಾಯದ ಸುದ್ದಿಯೇನೂ ಗೊತ್ತಿರಲಿಲ್ಲ. ಸೊಸೆ ಎದ್ದದ್ದಷ್ಟೇ ಅವರು ನೋಡಿದ್ದು.

"ಏನಾಯ್ತೇ?"

"ಏನಿಲ್ಲ ಅತ್ತೆ. ದಾರ ಮುಗೀತು."

ದಾರ ಮುಗಿದಿರಲಿಲ್ಲ. ಹೇಳುವುದಾದರೆ 'ನಿಮಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು' ಎಂದೇ ಹೇಳಬೇಕಿತ್ತು. ಆ ಮನೆಯಲ್ಲಿ ಆರು ವರ್ಷದಿಂದ ಯಾರೂ ಆಡದ ಮಾತು ಅದು. ಅವಳು ಕೂತು ಅಂಚು ಹೊಲಿದಳು. ಅಷ್ಟರಲ್ಲಿ ಗಂಡ ಬಂದ. ಹೊಸ ಬೇರಿಂಗೂ ಹೊಸ ಕಾಲರೂ ಆಕ್ಸಲಿನ ಮೇಲೇರಿ, ಗಾಯವಾದ ಜಾಗ ಮುಚ್ಚಿಹೋಯಿತು.

ಸೋಮವಾರವೂ ಗಾಡಿ ಅಳುವುದು ನಿಲ್ಲಲಿಲ್ಲ.

"ಈಗ ಹೇಗಿದೆಯೋ?" ಎಂದು ಮೇಸ್ತ್ರಿ ಕೇಳಿದರೆ ಗಂಡ, "ಕಮ್ಮಿ ಆಗಿದೆ ಅಪ್ಪಾ!" ಎಂದು ಕೂಗುತ್ತಿದ್ದ. ತನ್ನ ಅಪ್ಪನಿಗೆ ಅವನು ಹೇಳುತ್ತಿದ್ದ ಸುಳ್ಳುಗಳಲ್ಲಿ ಅದೂ ಒಂದು. ಮನೆಯವರು ಅದಕ್ಕೆ ಲೆಕ್ಕವಿಡುವುದನ್ನು ಬಿಟ್ಟಿದ್ದರು.

ಬಾಯಿಬಿಟ್ಟವಳು ಮಗಳು. ತಾತ ಅವಳನ್ನು ಬೋಲ್ಟು ಎಂದು ಕರೆಯುತ್ತಿದ್ದರು. ಚಿಕ್ಕದು, ಗಟ್ಟಿ, ಎಲ್ಲಿ ಹಾಕಿದರೂ ಕೂರುತ್ತದೆ, ಅಂತ. ದಿನಾ ಹಿಂದಿನ ಸೀಟಿನಲ್ಲಿ ಕೂತು ಶಾಲೆಗೆ ಹೋಗುವವಳು ಅವಳು.

"ಏನೂ ಕಮ್ಮಿ ಆಗಿಲ್ಲ," ಎಂದಳು ಬೋಲ್ಟು, ಬಾಯಿ ತುಂಬ ಅನ್ನವಿಟ್ಟುಕೊಂಡು. "ಅಪ್ಪ ಕಾಲು ಒತ್ತಿದ್ರೆ ಅಳತ್ತೆ, ಕಾಲು ತೆಗೆದ್ರೆ ಸುಮ್ಮನಾಗತ್ತೆ. ಚಕ್ರದ ಬೇರಿಂಗ್ ಆದ್ರೆ ಕಾಲು ತೆಗೆದ್ರೂ ಅಳಬೇಕು. ತಾತಾನೇ ಹೇಳ್ಕೊಟ್ಟಿರೋದು."

"ಏನಂತೆ?" ಎಂದರು ಮೇಸ್ತ್ರಿ, ಮೊಮ್ಮಗಳ ತುಟಿಯನ್ನೇ ನೋಡುತ್ತ.

"ಪಲ್ಯ ಚೆನ್ನಾಗಿದೆ ಅಂತಾಳೆ!" ಎಂದು ಕೂಗಿದರು ಅತ್ತೆ.

"ಹೌದೌದು, ಚೆನ್ನಾಗಿದೆ," ಎಂದು ಮೇಸ್ತ್ರಿ ಇನ್ನೊಂದಿಷ್ಟು ಬಡಿಸಿಕೊಂಡರು.

ಬೋಲ್ಟು ಅಜ್ಜಿಯನ್ನು ದುರುಗುಟ್ಟಿ ನೋಡಿದಳು. "ನಾನು ಪಲ್ಯದ ಸುದ್ದಿ ಎತ್ತೇ ಇಲ್ಲ."

"ಎತ್ಬೇಡ. ತಿನ್ನು."

ಮೂರನೆಯ ವಾರ ಗಂಡ ಯಾರಿಗೂ ಹೇಳದೆ ಗಾಡಿಯನ್ನು ದೊಡ್ಡ ರಸ್ತೆಯ ವರ್ಕ್‌ಶಾಪಿಗೆ ಒಯ್ದ. ಅದನ್ನು ನಡೆಸುತ್ತಿದ್ದವನು ಹಿಂದೊಮ್ಮೆ ಮೇಸ್ತ್ರಿಯ ಕೈಕೆಳಗೇ ಪಳಗಿದವನು. ಅವನು ಎರಡು ಮೈಲಿ ಗಾಡಿ ಓಡಿಸಿ, ಕಾಲು ಒತ್ತಿ, ಕಾಲು ಬಿಟ್ಟು, ತಿರುವಿನಲ್ಲಿ ನಿಧಾನವಾಗಿ ಸುತ್ತಿಸಿ, ಕೊನೆಗೆ ಹಿಂದಿನ ಎರಡು ಚಕ್ರಗಳ ನಡುವಿನ ಹಲ್ಲುಗಾಲಿಗಳ ಡಬ್ಬಿಯಾದ ಡಿಫರೆನ್ಶಿಯಲ್ಲಿನ ಎಣ್ಣೆ ಇಳಿಸಿ, ಎಣ್ಣೆಯಲ್ಲಿ ಅಯಸ್ಕಾಂತ ಆಡಿಸಿದ. ಅದು ಮೀಸೆ ಬೆಳೆದ ಹಾಗೆ ಕಬ್ಬಿಣದ ಚೂರುಗಳನ್ನು ಹೊತ್ತು ಮೇಲೆ ಬಂತು.

"ಕ್ರೌನು ಪಿನಿಯನ್ನಿನ ಹಲ್ಲು ಸವೆದಿವೆ ಅಣ್ಣ. ಎಣ್ಣೆ ಸೋರಿ ಒಣಗಿದೆ. ಚಕ್ರದ ಬೇರಿಂಗಿಗೆ ಏನೂ ಆಗಿರ್ಲಿಲ್ಲ. ಮೇಸ್ತ್ರಿ ಇದನ್ನ ಕೇಳಿಸಿಕೊಳ್ಳದೇ ಇರೋದು ಸಾಧ್ಯನೇ ಇಲ್ಲ. ಅವರಿಗೆ ತೋರಿಸಿಲ್ವಾ?"

"ಅವರಿಗೆ ಮೈಯಲ್ಲಿ ಹುಷಾರಿಲ್ಲ," ಎಂದನಂತೆ ಗಂಡ.

ಅಂದು ಊಟದ ಹೊತ್ತಿಗೆ ಅವನು ಕಾಗದದಲ್ಲಿ ಸುತ್ತಿ ತಂದಿದ್ದ ಆ ಚೂರುಗಳನ್ನು ಅಪ್ಪನ ತಟ್ಟೆಯ ಪಕ್ಕದಲ್ಲಿ ಬಿಚ್ಚಿಟ್ಟ. ಕೂಗಲಿಲ್ಲ. ಕೂಗುವ ಅಗತ್ಯವೂ ಇರಲಿಲ್ಲ. ಮೇಸ್ತ್ರಿ ಬೆರಳಿಂದ ಒಂದು ಚೂರು ಎತ್ತಿ, ಉಜ್ಜಿ ನೋಡಿದರು.

"ಯಾರ ಶೆಡ್ಡಿಗೆ ಹೋಗಿದ್ದೆ?"

ಗಂಡ ಹೇಳಿದ.

"ನನ್ನ ಮನೆ ಗಾಡಿ! ನನ್ನ ಹತ್ರ ಸ್ಪ್ಯಾನರ್ ಹಿಡಿಯೋದು ಕಲಿತವನ ಮುಂದೆ ಒಯ್ದು ನಿಲ್ಲಿಸಿದ್ಯಾ? ಊರಿಗೆಲ್ಲಾ ಡಂಗುರ ಹೊಡೆಸ್ಬಿಡು, ಅಪ್ಪನ ಕೈಲಿ ಆಗಲ್ಲ ಅಂತ!"

"ದಿನಾ ನಾಲ್ಕು ಜನ ಹೆಂಗಸ್ರು ಕೂರ್ತಾರೆ ಅದ್ರಲ್ಲಿ. ನಿನ್ನ ಬೋಲ್ಟು ಕೂರ್ತಾಳೆ. ನಾನೇನ್ ಮಾಡ್ಲಿ, ನಿನ್ನ ಮರ್ಯಾದೆ ನೋಡ್ಕೊಂಡು ಕೂರ್ಲಾ?"

"ಏನಂದೆ?"

"ಏನೂ ಇಲ್ಲ ಅಂದ ಕಣ್ರೀ! ತಪ್ಪಾಯ್ತು ಅಂದ!" ಎಂದು ಅತ್ತೆ ನಡುವೆ ಬಿದ್ದರು.

"ನಾನು ಹಾಗಂದಿಲ್ಲಮ್ಮ!" ಎಂದು ಗಂಡ ತಟ್ಟೆ ಬಿಟ್ಟು ಎದ್ದ.

ಮೂರು ದಿನ ಅಪ್ಪ ಮಗ ಮುಖ ಕೊಟ್ಟು ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮೇಸ್ತ್ರಿ ತಾವೇ ಗುಜರಿ ಬೀದಿಗೆ ನಡೆದುಹೋಗಿ, ಒಂದು ಒಳ್ಳೆಯ ಕ್ರೌನು ಪಿನಿಯನ್ನಿನ ಜೋಡಿಯನ್ನು ಗೋಣಿಚೀಲದಲ್ಲಿ ಹೊತ್ತು ತಂದರು. ಡಿಫರೆನ್ಶಿಯಲ್ಲು ಇಳಿಸಬೇಕೆಂದರೆ ಎರಡೂ ಆಕ್ಸಲು ಹೊರಗೆ ಬರಲೇಬೇಕು. ಬಲಗಡೆಯದು ಮತ್ತೆ ಹೊರಬಂದು, ಸೊಸೆಯ ಹೊಲಿಗೆ ಯಂತ್ರದ ಕಾಲಿಗೆ ಒರಗಿ ನಿಂತಿತು. ಎರಡು ದಿನ ಅಲ್ಲೇ ನಿಂತಿತ್ತು. ಹೊಸ ಕಾಲರು ಮಿರಮಿರ ಮಿಂಚುತ್ತಿತ್ತು. ಅವಳ ಮೊಣಕಾಲು ಆಗಾಗ ಅದಕ್ಕೆ ತಾಗುತ್ತಿತ್ತು, ತಣ್ಣಗೆ.

ಮೇಸ್ತ್ರಿ ಈ ಸಲ ಕನ್ನಡಕ ಹಾಕಿಕೊಂಡು, ಹಲ್ಲಿಗೆ ಹಲ್ಲು ಬಣ್ಣ ಹಚ್ಚಿ ತಾಳೆ ನೋಡಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕೂರಿಸಿದರು. ಅಂಥ ಕೆಲಸವನ್ನು ಆ ಭಾಗದಲ್ಲಿ ಇನ್ಯಾರೂ ಮಾಡಲಾರರು, ನಿಜ. ಗಾಡಿ ಹೊರಟಿತು. ಸದ್ದಿಲ್ಲ. ಅಪ್ಪ ಮಗನ ಹೆಗಲು ತಟ್ಟಿದರು. ಅತ್ತೆ ಎಲ್ಲರಿಗೂ ಮೊಟ್ಟೆ ಬೇಯಿಸಿದರು. ಬೋಲ್ಟು ಹಿಂದಿನ ಸೀಟಿನಲ್ಲಿ ನಿದ್ದೆಹೋದಳೆಂದು ಗಂಡ ನಗುತ್ತ ಹೇಳಿದ.

ಅಂಥ ದಿನ ಆ ಮಾತನ್ನು ಎಲ್ಲಿಂದ ಎತ್ತುವುದು?

ಆದರೂ ಅವಳು ಎತ್ತಿದಳು, ಬಟ್ಟೆ ಮಡಿಸುತ್ತ, ಗಂಡನ ಹತ್ತಿರ ಮಾತ್ರ. "ಆ ಬಲಗಡೆ ಆಕ್ಸಲ್ ಒಂದ್ಸಲ ಬಿಚ್ಚಿಸಿ ನೋಡಿ ರೀ."

"ಯಾಕೆ?"

"ಸುಮ್ನೆ. ಹಳೇದು."

"ಸದ್ದೇ ಹೋಯ್ತಲ್ಲೇ, ಮಾರಾಯ್ತಿ. ಈಗ ತಾನೇ ಅಪ್ಪ ನಗ್ತಿದಾರೆ. ಮತ್ತೆ ಹೋಗಿ 'ನಿನ್ನ ಕೆಲಸ ನೋಡ್ಬೇಕು' ಅಂತ ಹೇಳ್ಲಾ? ನಿಂಗೇನ್ ಗೊತ್ತು ಆಕ್ಸಲ್ ವಿಚಾರ?"

"ಏನಿಲ್ಲ ಬಿಡಿ," ಎಂದಳು. ಇನ್ನೊಂದು ಸಲ ಒತ್ತಿ ಕೇಳಿದ್ದರೆ ಹೇಳಿಬಿಡುತ್ತಿದ್ದಳೇನೋ. ಅವನು ಕೇಳಲಿಲ್ಲ. ಅವಳು ಅಂಗಿಯ ತೋಳು ಮಡಿಸಿದಳು.

ಆಕ್ಸಲು ಮುರಿದದ್ದು ಆರನೆಯ ವಾರ, ಒಂದು ಮಂಗಳವಾರ ಬೆಳಿಗ್ಗೆ, ಆಸ್ಪತ್ರೆಗೆ ಇಳಿಯುವ ನೇರ ರಸ್ತೆಯಲ್ಲಿ. ಬಲಗಡೆಯ ಹಿಂದಿನ ಚಕ್ರ ಡ್ರಮ್ಮಿನ ಸಮೇತ ಕಳಚಿ ಗಾಡಿಯನ್ನು ಹಿಂದೆ ಹಾಕಿ ಓಡಿತು. ಹಿಂಭಾಗ ನೆಲಕ್ಕೆ ಕುಸಿದು, ಗಾಡಿ ಅಡ್ಡ ತಿರುಗಿ ಮೋರಿಯ ಗೋಡೆಗೆ ಗುದ್ದಿತು. ಹಿಂದೆ ಕೂತಿದ್ದ ಹೆಂಗಸೊಬ್ಬಳ ಭುಜದ ಮೂಳೆ ಮುರಿಯಿತು. ಉಳಿದವರಿಗೆ ತರಚು ಗಾಯ. ಗಂಡನ ಬಲಗಾಲು ಪೆಡಲಿಗೂ ಬಾಗಿದ ತಗಡಿಗೂ ನಡುವೆ ಸಿಕ್ಕಿಕೊಂಡಿತ್ತು. ಬಿಡಿಸಲು ಒಂದು ಗಂಟೆ ಹಿಡಿಯಿತು. ಐದನೆಯ ದಿನ ಆ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಅಪಘಾತದ ಹೊತ್ತಿಗೆ ಬೋಲ್ಟು ಗಾಡಿಯಲ್ಲಿರಲಿಲ್ಲ. ಅವಳ ಸರದಿ ಎರಡನೆಯ ಟ್ರಿಪ್ಪಿನದು.

ಗೋಡೆಗೆ ಗುದ್ದಿದ್ದರಿಂದಲೇ ಚಕ್ರ ಕಳಚಿತೆಂದುಕೊಂಡು ಪೊಲೀಸಿನವರು ಕಾಗದದಲ್ಲಿ ಚಾಲಕನ ಅಜಾಗರೂಕತೆ ಎಂದು ಬರೆದರು. ಲಾಂಡ್ರಿಯ ಕಂಟ್ರಾಕ್ಟರು ನಿದ್ದೆ ಮಾಡಿದ್ದಾನೆ ಎಂದ. ನೋಡಲು ಬಂದ ಲಾಂಡ್ರಿಯ ಹೆಂಗಸರು ಬಿಸ್ಕತ್ತಿನ ಪೊಟ್ಟಣ ಹಿಡಿದು, "ಅಣ್ಣ ಸ್ಟೀರಿಂಗ್ ಬಿಡ್ಲೇ ಇಲ್ಲ, ಅದಕ್ಕೇ ನಾವು ಉಳ್ಕೊಂಡ್ವಿ," ಎಂದರು. ಆದರೂ ಅವರಲ್ಲೊಬ್ಬಳು ಹೋಗುವಾಗ ಬಾಗಿಲಲ್ಲಿ ನಿಂತು, "ಬೆಳಿಗ್ಗೆ ಹೊತ್ತು, ಕಣ್ಣು ಎಳೆಯೋದು ಯಾರಿಗಾದ್ರೂ ಇದ್ದದ್ದೇ," ಎಂದಳು.

ಆ ಮಾತು ಮಂಚದವರೆಗೆ ಹೋಯಿತು. ಮನೆಗೆ ಬಂದ ಮೇಲೆ ಗಂಡ ದಿನಕ್ಕೊಂದು ಸಲವಾದರೂ ಕೇಳತೊಡಗಿದ.

"ನಾನು ಕಣ್ಣು ಮುಚ್ಚಿದ್ನಾ?"

"ಇಲ್ಲ ರೀ."

"ನೀನಿದ್ಯಾ ಅಲ್ಲಿ? ನಿಂಗೆ ಹೇಗೆ ಗೊತ್ತು?"

ಅವಳು ಗಂಜಿಯ ಚಮಚ ಅವನ ಬಾಯಿಯ ಹತ್ತಿರ ಹಿಡಿಯುತ್ತಿದ್ದಳು.

"ಗುಂಡಿ ಇರ್ಲಿಲ್ಲ ಅಲ್ಲಿ. ದಿನಾ ಹೋಗೋ ದಾರಿ. ಆ ಹೆಂಗಸಿನ ಭುಜ ಮುರೀತು ನನ್ನಿಂದ. ನಿದ್ದೇನೇ ಮಾಡಿರ್ಬೇಕು ನಾನು."

"ಗಂಜಿ ಕುಡೀರಿ."

ಅವನ ಮುಖಕ್ಕೆ ನಾಲ್ಕೇ ಮಾತು ಹೇಳಿದ್ದರೆ ಅವನ ಎದೆಯ ಭಾರ ಇಳಿಯುತ್ತಿತ್ತು. ಅದೇ ನಾಲ್ಕು ಮಾತು ಬಂದು ಅವಳ ಮೇಲೂ ಮಾವನ ಮೇಲೂ ಕೂರುತ್ತಿತ್ತು. ಅವಳು ಪಾತ್ರೆ ತೊಳೆದಳು. ಉಳಿದಿದ್ದ ಕವರು ಹೊಲಿದಳು. ಗಂಡನ ಗಾಯಕ್ಕೆ ಬಟ್ಟೆ ಬದಲಿಸಿದಳು.

ನುಜ್ಜುಗುಜ್ಜಾದ ಗಾಡಿ ಶೆಡ್ಡಿಗೆ ಬಂದು ನಿಂತಿತ್ತು. ಮೇಸ್ತ್ರಿ ಅದರ ಹತ್ತಿರ ಸುಳಿಯದೆ ಹತ್ತು ದಿನ ಕಳೆದರು. ಹನ್ನೊಂದನೆಯ ದಿನ ಮಧ್ಯಾಹ್ನ, ಊಟವಾದ ಮೇಲೆ, ಕೆಳಗೆ ಗೋಣಿ ಹಾಸಿಕೊಂಡು ಕೂತರು. ಕೊಳವೆಯಂಥ ಹೌಸಿಂಗಿನ ಒಳಗುಳಿದಿದ್ದ ಆಕ್ಸಲಿನ ತುಂಡನ್ನು ಎಳೆದು ತೆಗೆದರು. ಚಕ್ರದ ಜೊತೆ ಹೋಗಿದ್ದ ಮೋಟು ತುಂಡನ್ನೂ ಪಕ್ಕದಲ್ಲಿಟ್ಟುಕೊಂಡರು. ಕನ್ನಡಕ ಹಾಕಿಕೊಂಡರು.

ಮುರಿದ ಕಬ್ಬಿಣದ ಮುಖ ನೋಡಬಲ್ಲವರಿಗೆ ಅದರಲ್ಲೇ ಎಲ್ಲ ಬರೆದಿರುತ್ತದೆ. ಮುಕ್ಕಾಲು ಭಾಗ ಚಹಾದ ಕಲೆಯ ಹಾಗೆ ಕಪ್ಪಾಗಿ ನುಣುಪಾಗಿತ್ತು. ಎಷ್ಟೋ ದಿನದಿಂದ ಬಾಯಿಬಿಟ್ಟು ಉಜ್ಜಿಕೊಂಡ ಬಿರುಕು ಅದು. ಕಾಲು ಭಾಗ ಮಾತ್ರ ಹೊಸದಾಗಿ ಮುರಿದ ಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ಮಂಗಳವಾರ ಮುರಿದದ್ದು ಅಷ್ಟೇ. ಮೇಸ್ತ್ರಿ ಕಪ್ಪು ಭಾಗದ ಅಂಚಿನಲ್ಲಿ ಉಗುರು ಆಡಿಸುತ್ತ ಬಂದರು. ಕಾಲರು ಕೂತಿದ್ದ ಜಾಗದಲ್ಲಿ ಉಗುರು ಸಿಕ್ಕಿಕೊಂಡಿತು. ಇನ್ನೊಮ್ಮೆ ಆಡಿಸಿದರು. ಅಲ್ಲೇ ಸಿಕ್ಕಿಕೊಂಡಿತು. ಚಾಣದ ಬಾಯಿಯಷ್ಟೇ ಅಗಲದ ಗೆರೆ.

ಸೊಸೆ ಯಂತ್ರದ ಮುಂದೆ ಕೂತಿದ್ದಳು. ಸೂಜಿಗೆ ದಾರವಿರಲಿಲ್ಲ.

"ಅಮ್ಮಾ," ಎಂದು ಮೇಸ್ತ್ರಿ ತಿರುಗಿದರು. "ಅವತ್ತು ಭಾನುವಾರ ನೀನು ಇಲ್ಲೇ ಇದ್ದೆ ಅಲ್ವಾ?"

ಅವಳು ತಲೆಯಾಡಿಸಿದಳು.

"ಚಾಣ ಹೊಡೀತಿದ್ನಲ್ಲ. ಸದ್ದು ಬದಲಾಯ್ತಾ?"

ಒಳಬಾಗಿಲಲ್ಲಿ ಅತ್ತೆ, ಚಹಾದ ಲೋಟ ಹಿಡಿದು ಬಂದು ನಿಂತಿದ್ದರು. ಅವರ ಬಾಯಿ ತೆರೆದುಕೊಂಡಿತು.

"ಹೂಂ," ಎಂದಳು ಸೊಸೆ.

"ಏನು?"

"ಬದಲಾಯ್ತು ಮಾವ."

"ಏನಂದೆ? ಜೋರಾಗಿ ಹೇಳು." ಅವರು ಕಿವಿಯ ಹಿಂದೆ ಅಂಗೈ ಹಿಡಿದರು. ಶೆಡ್ಡಿನಲ್ಲಿ ಅವರು ಹಾಗೆ ಕೈ ಹಿಡಿದದ್ದನ್ನು ಈ ಮೊದಲು ಯಾರೂ ಕಂಡಿರಲಿಲ್ಲ. "ನನಗೆ ಕೇಳಲ್ಲ, ಗೊತ್ತಲ್ಲ ನಿಂಗೆ."

ಅವಳು ಎದ್ದು ನಿಂತಳು.

"ಠಣ್ ಅಂತು ಮಾವ! ಎರಡು ಸಲ! ನನಗೆ ಕೇಳಿಸ್ತು! ನಾನು ಹೇಳ್ಲಿಲ್ಲ!"

ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡುವಷ್ಟು ಜೋರಾಗಿತ್ತು ಆ ದನಿ. ಮೇಸ್ತ್ರಿ ಕೈ ಇಳಿಸಿ, ತೊಡೆಯ ಮೇಲಿದ್ದ ತುಂಡನ್ನು ನೆಲಕ್ಕಿಟ್ಟರು, ಮಲಗಿದ ಮಗುವನ್ನು ಇಡುವ ಹಾಗೆ. ಒಳಗಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು.

"ಯಾವತ್ತು ಕೇಳಿಸ್ತು?" ಗಂಡನ ದನಿ.

"ಏನಂತಾನೆ ಅವನು?" ಎಂದರು ಮೇಸ್ತ್ರಿ.

ಅಂಥ ಹೊತ್ತಿನಲ್ಲಿ ಏನಾದರೊಂದು ಹೇಳಿ ತೇಪೆ ಹಾಕುವವರು ಅತ್ತೆ. ಸೊಸೆ ಅವರ ಕಡೆ ನೋಡಿದಳು. ಅತ್ತೆಯ ಕೈಯಲ್ಲಿನ ಲೋಟ ಬಾಗಿ ಚಹಾ ನೆಲಕ್ಕೆ ಸೋರುತ್ತಿತ್ತು.

"ಯಾವತ್ತು ಕೇಳಿಸ್ತು ಅಂತ ಕೇಳ್ತಿದಾರೆ ಮಾವ," ಎಂದು ಸೊಸೆಯೇ ಕೂಗಿ ಹೇಳಿದಳು. ಆಮೇಲೆ ಇಬ್ಬರಿಗೂ ಕೇಳುವ ಹಾಗೆ, "ಭಾನುವಾರ. ಬೇರಿಂಗು ಬದಲಿಸಿದ ದಿನ. ನೀವು ನಿದ್ದೆ ಮಾಡ್ಲಿಲ್ಲ ರೀ. ನಿಮ್ಮ ತಪ್ಪಲ್ಲ," ಎಂದಳು.

ಒಳಗೆ ಮಂಚ ಇನ್ನೊಮ್ಮೆ ಕಿರುಗುಟ್ಟಿತು.

"ಮನೆಗೆ ಬಂದಾಗಿಂದ ಕೇಳ್ತಿದೀನಲ್ಲೇ ನಿನ್ನ," ಎಂದ ಗಂಡ. ಆಮೇಲೆ, "ಬಾಗಿಲು ಹಾಕು."

"ಏನಂದ?"

"ಬಾಗಿಲು ಹಾಕು ಅಂದ್ರು ಮಾವ."

ಅವಳು ಕೋಣೆಯವರೆಗೆ ನಡೆದಳು. ಗಂಡ ಗೋಡೆಯ ಕಡೆ ಹೊರಳಿದ್ದ. ಹೊದಿಕೆ ಒಂದು ಪಕ್ಕಕ್ಕೆ ಚಪ್ಪಟೆಯಾಗಿ ಬಿದ್ದಿತ್ತು. ಒಳಗೆ ನಿಂತು ಹಾಕಲೋ, ಹೊರಗೆ ನಿಂತು ಹಾಕಲೋ ಎಂದು ಅವಳು ಕೇಳಲಿಲ್ಲ. ಹೊರಗೆ ನಿಂತು, ಸದ್ದಾಗದಂತೆ ಬಾಗಿಲು ಹಾಕಿದಳು.